ಹಚ್ಚದ ಒಲೆಯ ರೊಟ್ಟಿ

ಈರಕ್ಕನ ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಹೊಲಿಗೆಯ ಗೆರೆ ಹೋಗಿದೆ. ಊರಿಗೆ ಹೊಸಬರು ಬಂದು "ಏನಾಗೇತಿ ಕೈಗೆ?" ಎಂದು ಕೇಳಿದರೆ ಅವಳು ಮುಚ್ಚಿಡುವುದಿಲ್ಲ.

"ನಮ್ಮ ಸೊಸಿ ಕುಡಗೋಲಿಲೆ ಹೊಡದ್ಲು" ಎನ್ನುತ್ತಾಳೆ, ನಿನ್ನೆ ಮಳೆ ಬಂತು ಎನ್ನುವ ಹಾಗೆ.

ಕೇಳಿದವರು ಲೊಚಗುಟ್ಟಿ ಸೊಸೆಯನ್ನು ಬೈಯಲು ಶುರುಮಾಡಿದರೆ ಮಾತ್ರ ಅವಳಿಗೆ ರೇಗುತ್ತದೆ. "ಆಕಿನ್ನ ಬೈಯಾಕ ನಿಮಗೇನು ಹಕ್ಕೈತಿ? ಪೆಟ್ಟು ತಿಂದಾಕಿ ನಾನು."

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಗೆ ಹತ್ತಿರದ ಊರು ಅವಳದು. ಗಂಡ ಯರ್ರೆಪ್ಪ, ಒಬ್ಬನೇ ಮಗ ದುರುಗೇಶ್, ಸ್ವಲ್ಪ ಬೆದ್ದಲು ಹೊಲ, ಮನೆಯ ಹಿಂದಿನ ರೊಪ್ಪದಲ್ಲಿ ಕುರಿ ಹಿಂಡು. ಕುರಿ ಕಾಯುವವನನ್ನು ಕುರಿಗಾಹಿ ಎನ್ನುತ್ತಾರೆ, ಹೊಲ ಮಾಡುವವನನ್ನು ರೈತ ಎನ್ನುತ್ತಾರೆ. ಅವರಿಬ್ಬರಿಗೂ ದಿನಾ ರೊಟ್ಟಿ ಬಡಿದು ಹಾಕುವವಳಿಗೆ ಅಂಥ ಹೆಸರಿಲ್ಲ. ಈರಕ್ಕ ಹುಡುಗಿಯಾಗಿದ್ದಾಗಲೇ ಅವಳ ಅವ್ವ ಅವಳನ್ನು ರೊಟ್ಟಿ ಹಲಗೆಯ ಮುಂದೆ ಕೂರಿಸಿದ್ದಳು. ಆಮೇಲೆ ಹಲಗೆ ಬದಲಾಯಿತು, ಮನೆ ಬದಲಾಯಿತು, ಕೂರುವುದು ಬದಲಾಗಲಿಲ್ಲ. ಹೆರಿಗೆಯಾದಾಗ ಮತ್ತು ಮನೆಯಲ್ಲಿ ಯಾರಾದರೂ ತೀರಿಹೋದಾಗ ಬಿಟ್ಟರೆ ಉಳಿದ ಮುಂಜಾವೆಲ್ಲ ಅವಳಿಗೆ ಒಲೆಯ ಮುಂದೆಯೇ ಬೆಳಕಾಯಿತು.

ಈ ಸೀಮೆಯ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಗಡಿಯಾರ. ಕಟ್ಟೆಯ ಮೇಲೆ ಕೂತ ಗಂಡಸು ಒಳಗೆ ಇಣುಕಬೇಕಾಗಿಲ್ಲ. ಸಪ್ಪಳ ಶುರುವಾದರೆ ಹೆಂಗಸು ಎದ್ದಿದ್ದಾಳೆ, ನಿಂತರೆ ಊಟಕ್ಕೆ ಏಳಬಹುದು. ಅವಳು ಹೇಗಿದ್ದಾಳೆ ಎಂದು ಕೇಳುವ ಕೆಲಸವನ್ನೂ ಆ ಸಪ್ಪಳವೇ ಉಳಿಸುತ್ತದೆ.

ಕೋಗಳಿ ಕಡೆಯಿಂದ ಶಿವಲೀಲಾಳನ್ನು ಸೊಸೆ ಮಾಡಿಕೊಂಡು ಬಂದ ಮೂರು ನಾಲ್ಕು ದಿನಕ್ಕೆ ಒಂದು ಮುಂಜಾನೆ ಈರಕ್ಕನಿಗೆ ಮಲಗಿದ್ದಲ್ಲೇ ಆ ಸಪ್ಪಳ ಕೇಳಿತು. ಮೊದಲು ತಾನೇ ಬಡಿಯುತ್ತಿದ್ದೇನೆ, ಕನಸಿರಬೇಕು ಅನ್ನಿಸಿತು. ಕೈ ಮುಟ್ಟಿ ನೋಡಿಕೊಂಡಳು, ಹಿಟ್ಟಿಲ್ಲ. ಗಾಬರಿಯಿಂದ ಎದ್ದು ಕೂತಳು. ಆಮೇಲೆ ತಿಳಿಯಿತು. ಮತ್ತೆ ಮಲಗಿದಳು. ಬಿಸಿಲು ಬಾಗಿಲಿಂದ ಒಳಗೆ ಬಂದು ಪಾದದ ಮೇಲೆ ಬೀಳುವ ತನಕ ಮಲಗಿಯೇ ಇದ್ದಳು. ಮಲಗಿರುವಾಗ ತನ್ನ ಪಾದಕ್ಕೆ ಬಿಸಿಲು ತಾಕಿದ್ದನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ.

ಯರ್ರೆಪ್ಪ ಬಾಗಿಲಲ್ಲಿ ನಿಂತು, "ಏ ಈರಿ, ಸತ್ತೀ ಏನು?" ಎಂದ.

"ಹೂಂ, ಸತ್ತು ಸ್ವರ್ಗದಾಗ ಅದೀನಿ. ಸುಮ್ನ ಹೋಗ್ರಿ."

ಅವತ್ತಿನಿಂದ ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರಿಗೆಲ್ಲ ಅವಳದು ಒಂದೇ ಮಾತು. "ನಿಮ್ಮ ಸೊಸ್ತೇರು ಬಂಗಾರ ತಂದ್ರು, ಬೀರು ತಂದ್ರು. ನಮ್ಮ ಲೀಲಾ ನನಗ ನಿದ್ದಿ ತಂದಾಳ."

ಆ ನಿದ್ದೆ ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ. ಶಿವಲೀಲಾಳ ಕಣ್ಣಿನದನ್ನು ತೆಗೆದು ಈರಕ್ಕನ ಕಣ್ಣಿಗೆ ಹಾಕಿದ್ದು. ಇದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಅತ್ತೆ ಸೊಸೆಯರ ಮನೆಗಳಲ್ಲಿ ಇದ್ದ ನಿದ್ದೆಯೇ ಅಷ್ಟು. ಅದನ್ನೇ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಬಂದಿದ್ದಾರೆ. ಗಂಡಸರ ಪಾಲಿನದಕ್ಕೆ ಯಾರೂ ಕೈ ಹಚ್ಚಿಲ್ಲ.

ಮೊದಲ ಮಗಳು ರೋಜಾಳ ಬಾಣಂತನ ಕೋಗಳಿಯ ತವರಲ್ಲಿ ಆಯಿತು. ಎರಡನೆಯ ಸಲ ಬಸಿರಾಗುವ ಹೊತ್ತಿಗೆ ಶಿವಲೀಲಾಳ ತಾಯಿ ಇರಲಿಲ್ಲ. "ನಾನಿಲ್ಲೇನು?" ಎಂದು ಈರಕ್ಕನೇ ಬಾಣಂತನಕ್ಕೆ ನಿಂತಳು. ಗಂಡು ಕೂಸು. ಎಣ್ಣೆ, ಬಿಸಿನೀರು, ಹೊಗೆ, ಖಾರ ಎಲ್ಲ ನೇಮದಿಂದ ನಡೆಯುತ್ತಿದ್ದಾಗಲೇ ಊರಿಗೆ ಚಿಕೂನ್‌ಗುನ್ಯಾ ಬಂತು. ಈರಕ್ಕನ ಕೀಲುಗಳೆಲ್ಲ ಹಿಡಿದುಕೊಂಡವು. ಚೊಂಬು ಎತ್ತಲೂ ಆಗದೆ ಹಾಸಿಗೆ ಹಿಡಿದಳು.

ಬಾಣಂತಿ ತಿಂಗಳೊಪ್ಪತ್ತು ಒಲೆಯ ಮುಂದೆ ಹೋಗಬಾರದು ಎಂಬುದು ಆ ಮನೆಯ ಕಟ್ಟಳೆ. ಅದನ್ನು ಮುರಿ ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ಇಬ್ಬರು ಗಟ್ಟಿಮುಟ್ಟಾದ ಗಂಡಸರಿದ್ದರು, ಅವರಿಬ್ಬರೂ ಹೊತ್ತಿಗೆ ಸರಿಯಾಗಿ ಹಸಿದರು, ಕಟ್ಟಳೆ ತಾನಾಗಿಯೇ ಮುರಿಯಿತು. ಹಸಿ ಮೈಯ ಶಿವಲೀಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಹಲಗೆಯ ಮುಂದೆ ಕೂತಳು. ರಾತ್ರಿಯೆಲ್ಲ ಕೂಸು ಅಳುತ್ತಿತ್ತು, ಬೆಳಗಾಗುವ ಮೊದಲೇ ಹಿಟ್ಟು ಕರೆಯುತ್ತಿತ್ತು. ಅವಳು ಯಾವಾಗ ಮಲಗುತ್ತಾಳೆ ಎಂದು ಯಾರೂ ನೋಡಲಿಲ್ಲ. ಆಮೇಲೆ ಡಾಕ್ಟರು ಕೇಳಿದಾಗ ಇಡೀ ಮನೆಯಲ್ಲಿ ಒಬ್ಬರಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ.

ಅವಳ ಮಾತು ಬದಲಾಯಿತು. ಕೂಸಿನ ಕಿವಿ ನೋಡುತ್ತಾ "ಇದು ನನ್ನದಲ್ಲ, ಯಾರೋ ಬದಲಿ ಮಾಡ್ಯಾರ" ಎಂದಳು. ಇನ್ನೊಂದು ದಿನ "ಇವನ್ನ ಒಯ್ಯಾಕ ಬರ್ತಾರ" ಎಂದು ಕೂಸನ್ನು ಹಿಟ್ಟಿನ ಡಬ್ಬಿಯ ಹಿಂದೆ ಮಲಗಿಸಿದಳು. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಒಬ್ಬ ಮುದುಕಿ ಮಾತ್ರ, "ಇದು ಬಾಣಂತಿ ಸನ್ನಿ ಇದ್ದಂಗೈತಿ. ದವಾಖಾನಿಗೆ ತೋರಿಸ್ರಪ್ಪ" ಎಂದಳು.

ಯರ್ರೆಪ್ಪ ಬೀಡಿ ಕೊಡವಿದ. "ರೊಟ್ಟಿ ಬಡಿಯಾಕ ಹತ್ಯಾಳಲ್ಲ? ಇನ್ನೇನಾಗೇತಿ ಆಕಿಗೆ?"

ಆ ಮುಂಜಾನೆಯೂ ಸಪ್ಪಳ ಎಂದಿನಂತೆಯೇ ಬಂತು. ಈರಕ್ಕ ಕೀಲುನೋವಲ್ಲಿ ಮಲಗಿ ಕೇಳುತ್ತಿದ್ದಳು. ಇಷ್ಟು ವರ್ಷ ಆ ಸಪ್ಪಳ ಕೇಳಿದರೆ ಅವಳ ಮೈ ಸಡಿಲವಾಗುತ್ತಿತ್ತು. ಅವತ್ತು ಅದು ನಿಲ್ಲಲೇ ಇಲ್ಲ. ಕೂಸು ಕಿರುಚುತ್ತಿತ್ತು, ಸಪ್ಪಳ ನಡೆದೇ ಇತ್ತು. ಹೊಗೆಯ ವಾಸನೆಯೂ ಬರಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಒಲೆಯಲ್ಲಿ ನಿನ್ನೆಯ ಬೂದಿ. ಎಸರಿಟ್ಟಿಲ್ಲ. ಶಿವಲೀಲಾ ತಣ್ಣೀರಲ್ಲೇ ಹಿಟ್ಟು ನಾದಿ ಬಡಿಯುತ್ತಿದ್ದಳು. ಅಂಚು ಒಡೆದ ಹಸಿ ರೊಟ್ಟಿಗಳನ್ನು ತಣ್ಣನೆಯ ಹಂಚಿನ ಮೇಲೆ ಒಂದರ ಮೇಲೊಂದು ಪೇರಿಸಿದ್ದಳು. ಇನ್ನೊಂದು ಬಡಿದು, ಎತ್ತಿ, ಅದನ್ನೂ ಅದರ ಮೇಲೆ ಹಾಕಿದಳು.

"ಲೀಲಾ, ಒಲಿ ಹಚ್ಚಿಲ್ಲಲ್ಲ ಯವ್ವ?"

ಸೊಸೆ ತಿರುಗಿದಳು. ಆ ಕಣ್ಣಿಗೆ ಈರಕ್ಕನ ಗುರುತಿರಲಿಲ್ಲ. ಅಳುವ ಕೂಸನ್ನು ಎತ್ತಿಕೊಳ್ಳಲು ಈರಕ್ಕ ಬಗ್ಗಿದಳು. "ಒಯ್ಯಾಕ ಬಂದ್ಯಾ?" ಎಂಬ ಕೂಗು ಕೇಳಿತು. ಗೋಡೆಗೆ ಸಿಕ್ಕಿಸಿದ್ದ ಕುಡಗೋಲು ಸೊಸೆಯ ಕೈಗೆ ಬಂದಿತ್ತು. ತಲೆಗೆ ಬೀಳುವುದನ್ನು ಈರಕ್ಕನ ಕೈ ತಡೆಯಿತು. ಕೂಗು ಕೇಳಿ ದುರುಗೇಶ್ ರೊಪ್ಪದಿಂದ ಓಡಿಬಂದಾಗ ಅವ್ವ ಕೂಸನ್ನು ಎದೆಗೆ ಅವಚಿಕೊಂಡು ನೆಲದ ಮೇಲೆ ಬಿದ್ದಿದ್ದಳು. ಹೆಂಡತಿ ಓಡಿಹೋಗಿರಲಿಲ್ಲ. ಕುಡಗೋಲು ಪಕ್ಕಕ್ಕಿಟ್ಟು ಮತ್ತೆ ಹಲಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ರಕ್ತ ಕಂಡ ಅವನ ಕಣ್ಣು ಒಲೆಯ ಕಡೆ ಹೋಗಲಿಲ್ಲ.

ಈರಕ್ಕನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಿದರು. ದೂರು ಬರೆಸಿದವನು ದುರುಗೇಶ್. ಅವನು ಸಹಿ ಹಾಕಿದ ಆ ದೂರಿನಲ್ಲಿ, 'ನನ್ನ ಹೆಂಡತಿ ಎಂದಿನಂತೆ ಎದ್ದು ರೊಟ್ಟಿ ಮಾಡಿದಳು, ಅನಂತರ ನನ್ನ ತಾಯಿಯನ್ನು ಕೊಲ್ಲಲು ಯತ್ನಿಸಿದಳು' ಎಂದಿತ್ತು. ಅವನು ಸುಳ್ಳು ಹೇಳಿರಲಿಲ್ಲ. ರೊಪ್ಪದಲ್ಲಿ ನಿಂತು ಕೇಳಿಸಿಕೊಂಡದ್ದನ್ನೇ ಹೇಳಿದ್ದ. ಆಮೇಲೆ ಆಸ್ಪತ್ರೆಗೆ ಬಂದ ಪೊಲೀಸರು ಈರಕ್ಕನನ್ನು ಹೊಡೆದವರು ಯಾರು, ಯಾವುದರಿಂದ, ಎಲ್ಲಿಗೆ ಎಂದು ಕೇಳಿ ಬರೆದುಕೊಂಡರು. ಒಲೆಯ ಸುದ್ದಿ ಯಾರೂ ಎತ್ತಲಿಲ್ಲ. ಒಲೆಯ ಸುದ್ದಿ ಪೊಲೀಸರಿಗೆ ಹೇಳುವಂಥದ್ದು ಎಂದು ಈರಕ್ಕನಿಗೂ ತೋಚಲಿಲ್ಲ.

ಶಿವಲೀಲಾಳ ಮೇಲೆ ಕೊಲೆ ಯತ್ನದ ಕೇಸಾಯಿತು. ಅವಳ ಸ್ಥಿತಿ ನೋಡಿ ಕೋರ್ಟು ಮೊದಲು ಚಿಕಿತ್ಸೆಗೆ ಕಳಿಸಿತು. ಮಾತ್ರೆ ಹತ್ತಿದವು, ಅದಕ್ಕಿಂತ ಮೊದಲು ನಿದ್ದೆ ಹತ್ತಿತು. ಕೆಲವು ತಿಂಗಳಿಗೆ ಅವಳು ಅವಳಾದಳು. ಆದಮೇಲೆ, ತಾನು ಏನು ಮಾಡಿದೆ ಎಂಬುದನ್ನು ಬೇರೆಯವರ ಬಾಯಿಂದ ಕೇಳಿ ತಿಳಿದುಕೊಂಡಳು. ಈಗ ವಿಚಾರಣೆ ಎದುರಿಸುವಷ್ಟು ಸುಧಾರಿಸಿದ್ದಾಳೆ ಎಂದು ಡಾಕ್ಟರು ಬರೆದುಕೊಟ್ಟರು. ಹೊಸಪೇಟೆಯ ಸೆಷನ್ಸ್ ಕೋರ್ಟಿನಲ್ಲಿ ಕೇಸು ನಿಂತಿತು. ತೀರ್ಪಾಗುವ ತನಕ ಅವಳು ಸರ್ಕಾರದ ಕಾವಲಿನಲ್ಲೇ ಉಳಿದಳು.

ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂದು ತಿಳಿಯಲಾರದ ಹಾಗೆ ಮನಸ್ಸು ಕೆಟ್ಟಿದ್ದಾಗ ಮಾಡಿದ್ದು ಅಪರಾಧವಲ್ಲ ಎಂದು ಕಾನೂನಿದೆ. ಆದರೆ ಹಿಂದೆ ಕೆಟ್ಟಿತ್ತು, ಮುಂದೆ ಕೆಟ್ಟಿತು ಎಂದರೆ ಸಾಲದು. ಆ ಗಳಿಗೆಯಲ್ಲಿ ಕೆಟ್ಟಿತ್ತು ಎಂದು ತೋರಿಸಬೇಕು. ತೋರಿಸುವ ಹೊಣೆ ಆರೋಪಿಯದೇ. ಡಾಕ್ಟರು ಶಿವಲೀಲಾಳನ್ನು ಮೊದಲು ನೋಡಿದ್ದು ಘಟನೆಯ ನಂತರ. ಸರ್ಕಾರದ ಕಡೆಯ ವಕೀಲರ ವಾದ ನೇರವಾಗಿತ್ತು: ಆ ಮುಂಜಾನೆ ಈಕೆ ಎಂದಿನಂತೆ ರೊಟ್ಟಿ ಮಾಡಿದ್ದಾಳೆ, ಗಂಡನೇ ಹೇಳಿದ್ದಾನೆ. ಹಿಟ್ಟು, ನೀರು, ಬೆಂಕಿ ಎಲ್ಲದರ ಹದ ತಿಳಿದು ಅಡಿಗೆ ಮಾಡಿದವಳಿಗೆ ಬುದ್ಧಿ ನೆಟ್ಟಗಿರಲಿಲ್ಲ ಎನ್ನುವುದು ಹೇಗೆ?

ಅಡಿಗೆ ಮಾಡಲು ಬುದ್ಧಿ ಬೇಕು ಎಂದು ಶಿವಲೀಲಾಳ ವಿಷಯದಲ್ಲಿ ಯಾರಾದರೂ ಒಪ್ಪಿಕೊಂಡದ್ದು ಅದೇ ಮೊದಲು. ಅದೂ ಅವಳನ್ನು ಜೈಲಿಗೆ ಹಾಕಲು.

ಅವಳಿಗೆ ಉಚಿತ ಕಾನೂನು ನೆರವಿನಿಂದ ಸಿಕ್ಕ ವಕೀಲೆ ಕೋಮಲಾ. ಹರಪನಹಳ್ಳಿಯವಳು, ಇನ್ನೂ ನಲವತ್ತಾಗಿಲ್ಲ. ಒಂದು ಭಾನುವಾರ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದಳು. ಅಂಗಳದಲ್ಲಿ ಹಾಕಿದ ಕುರ್ಚಿ ಬಿಟ್ಟು ಅಡಿಗೆ ಮನೆ ತೋರಿಸಿ ಎಂದಳು.

ಒಲೆಯ ಮುಂದೆ ಶಿವಲೀಲಾಳ ಮಗಳು ರೋಜಾ ಕೂತಿದ್ದಳು. ಈರಕ್ಕನ ಕೈ ಕೆಟ್ಟ ಮೇಲೆ ಹೀಗೇ ನಡೆದಿತ್ತು. ಅಜ್ಜಿ ಎಡಗೈಯಲ್ಲಿ ಹಿಟ್ಟು ಕೂಡಿಸುವುದು, ನಾಲ್ಕನೇ ಕ್ಲಾಸಿನ ಮೊಮ್ಮಗಳು ಬಡಿಯುವುದು. ಯಾರೂ ತೀರ್ಮಾನ ಮಾಡಿದ್ದಲ್ಲ. ಹಲಗೆ ತಾನೇ ಉರುಳಿ ಮನೆಯ ಮುಂದಿನ ತಲೆಮಾರಿನ ಹೆಣ್ಣಿನ ಹತ್ತಿರ ಹೋಗಿ ನಿಂತಿತ್ತು.

ಕೋಮಲಾ ಅದನ್ನು ಒಂದು ಗಳಿಗೆ ನೋಡಿದಳು. ಹೊರಗೆ ಬಂದು ದುರುಗೇಶನ ಎದುರು ಕೂತಳು. "ಆವತ್ತು ಶಿವಲೀಲಾ ಮಾಡಿದ ರೊಟ್ಟಿ ಯಾರು ಉಂಡ್ರಿ?"

"ಏನ್ರಿ?"

"ರೊಟ್ಟಿ ಮಾಡಿದ್ಲು ಅಂತ ಬರೆಸೀರಲ್ಲ. ಯಾರು ಉಂಡ್ರಿ ಅಂತ ಕೇಳ್ದೆ. ನೀವು ಉಂಡ್ರಾ?"

"ಇಲ್ರಿ. ಇನ್ನೂ ಉಣ್ಣಾಕ ಕರೆದಿದ್ದಿಲ್ಲ."

"ನೋಡಿದ್ರಾ?"

ದುರುಗೇಶ್ ಅಪ್ಪನ ಕಡೆ ನೋಡಿದ. ಯರ್ರೆಪ್ಪ ಕಟ್ಟೆಯ ಮಣ್ಣು ಕೆದಕುತ್ತಿದ್ದ. "ಸಪ್ಪಳ ಕೇಳಿಸ್ತಿತ್ತಲ್ರಿ" ಎಂದ ಮಗ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಈರಕ್ಕ ಮಜ್ಜಿಗೆಯ ಚೊಂಬು ತಂದಿಟ್ಟಳು. "ಯಾವ ರೊಟ್ಟಿ ಉಣ್ತಾರ ವಕೀಲಮ್ಮ? ಒಲೀನೇ ಹಚ್ಚಿದ್ದಿಲ್ಲಲ್ಲ."

ಕೋಮಲಾ ಕೈಗೆ ತೆಗೆದುಕೊಂಡ ಚೊಂಬನ್ನು ಕೆಳಗಿಟ್ಟಳು. "ಇದನ್ನ ಇಷ್ಟು ದಿನ ಯಾರಿಗೂ ಯಾಕೆ ಹೇಳ್ಲಿಲ್ಲಮ್ಮ?"

"ಯಾರು ಕೇಳಿದ್ರು? ಯಾವ ಕೈಗೆ ಹೊಡದ್ಲು ಅಂತ ಕೇಳಿದ್ರು, ಹೇಳ್ದೆ."

"ಕೋರ್ಟಲ್ಲಿ ಕೇಳಿದ್ರೆ ಹೇಳ್ತೀರಾ?"

"ಕೇಳ್ಳಿ. ನನಗೇನು, ಬಾಯಿಗೆ ಹೊಡದಿಲ್ಲಲ್ಲ ಆಕಿ."

ಯರ್ರೆಪ್ಪನಿಗೆ ಇದು ಹಿಡಿಸಲಿಲ್ಲ. ಕೋಮಲಾ ಬಸ್ಸಿಗೆ ಹೋದ ಮೇಲೆ ದನಿ ಏರಿಸಿದ. "ನಾಳೆ ಬಿಡುಗಡಿ ಆಗಿ ಬಂದು ಮತ್ತ ಕುಡಗೋಲು ಹಿಡಿದ್ರ? ನಿನ್ನ ತಲಿ ಹೋದ್ರ ಯಾರು ಹೊಣಿ? ಅಲ್ಲೇ ಇರ್ಲಿ ಬಿಡು. ಸರ್ಕಾರ ಊಟ ಹಾಕ್ತೈತಿ."

ಅವನದು ಕೆಟ್ಟತನವಲ್ಲ, ಅಂಜಿಕೆ. ಹೆಂಡತಿ ರಕ್ತದಲ್ಲಿ ಬಿದ್ದದ್ದನ್ನು ಕಂಡವನ ಅಂಜಿಕೆ. ಈರಕ್ಕನಿಗೂ ಅದು ಗೊತ್ತಿತ್ತು. ಅದಕ್ಕೇ ಜಗಳವಾಡಲಿಲ್ಲ. "ನನಗೂ ಅಂಜಿಕಿ ಐತಿ" ಎಂದಳು. "ಆದ್ರ ಈ ಕೂಸು ನನ್ನ 'ಯವ್ವಾ' ಅನ್ನಾಕ ಹತ್ತೈತಿ. ಅದಕ್ಕ ಹೆತ್ತಾಕಿ ಬ್ಯಾರೆ ಅದಾಳ. ಆಕಿಗೆ ಒಪ್ಪಿಸದ ನಾ ಸಾಯಂಗಿಲ್ಲ."

ಕೋರ್ಟಿಗೆ ಹೋಗುವ ದಿನ ಬಸ್ಸಿನಲ್ಲಿ ದುರುಗೇಶನ ಮುಖ ಕಪ್ಪಿಟ್ಟಿತ್ತು. "ಯವ್ವಾ, ನಾ ಬರೆಸಿದ್ದು ತಪ್ಪು ಅಂದ್ರ ನನ್ನೇ ಹಿಡೀತಾರೇನು?"

"ಯಾಕ ಹಿಡೀತಾರ? ನೀ ಕಿವೀಲೆ ನೋಡಿದ್ದು ಹೇಳಿದ್ದಿ. ಈಗ ಅಷ್ಟೇ ಹೇಳು, ಕಿವೀಲೆ ನೋಡಿದೆ ಅಂತ."

ಅವನು ಹಾಗೆಯೇ ಹೇಳಿದ. ಕಟಕಟೆಯಲ್ಲಿ ನಿಂತು, ನಾನು ಒಲೆ ನೋಡಿಲ್ಲ, ರೊಟ್ಟಿ ನೋಡಿಲ್ಲ, ಸಪ್ಪಳ ಕೇಳಿ ಎಲ್ಲ ಸರಿ ಇದೆ ಅಂದುಕೊಂಡೆ ಎಂದ. ಹೇಳುವಾಗ ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು.

ಈರಕ್ಕ ಸಾಕ್ಷಿ ಹೇಳಲು ನಿಂತಾಗ ಶಿವಲೀಲಾ ತಲೆ ಎತ್ತಿದಳು. ನೋಡಿದ್ದು ಅತ್ತೆಯ ಮುಖವನ್ನಲ್ಲ, ಆ ಎರಡು ಬೆರಳನ್ನು. ಈರಕ್ಕ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು.

ಸರ್ಕಾರದ ಕಡೆಯ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು. "ನಿಮಗೆ ಹೊಡೆದದ್ದು ಈಕೆಯೇ?"

"ಹೌದ್ರಿ. ಹೊಡದದ್ದು ಖರೆ."

"ಅದಕ್ಕೆ ಮೊದಲು ಈಕೆ ರೊಟ್ಟಿ ಮಾಡುತ್ತಿದ್ದಳು. ಹೌದೋ ಅಲ್ಲವೋ?"

"ಬಡಿತಿದ್ಲು ರೀ. ಮಾಡ್ತಿದ್ದಿಲ್ಲ."

"ಎರಡೂ ಒಂದೇ ಅಲ್ಲವೇನಮ್ಮ?"

"ಬಡಿದ್ರ ಸಪ್ಪಳ ಆಕ್ಕತಿ ಸ್ವಾಮಿ. ರೊಟ್ಟಿ ಆಗಾಕ ಬೆಂಕಿ ಬೇಕು." ಈರಕ್ಕ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಿನ್ನೆಯ ಬೂದಿ, ಇಡದ ಎಸರು, ತಣ್ಣನೆಯ ಹಂಚಿನ ಮೇಲೆ ಪೇರಿಸಿದ ಹಸಿ ರೊಟ್ಟಿಗಳು, ಅಂಚು ಒಡೆದದ್ದು. ಹೊಡೆದಾದ ಮೇಲೂ ಸೊಸೆ ಹೋಗಿ ಅದೇ ಹಲಗೆಯ ಮುಂದೆ ಕೂತದ್ದು. ಟೈಪು ಮಾಡುವ ಹುಡುಗಿ ಒಂದು ಗಳಿಗೆ ಬೆರಳು ನಿಲ್ಲಿಸಿ ನೋಡಿದಳು. ನ್ಯಾಯಾಧೀಶರು "ಒಲೆ ಹಚ್ಚಿರಲಿಲ್ಲ ಎಂದು ಬರೆದುಕೊಳ್ಳಿ" ಎಂದರು.

ಈರಕ್ಕ ವಕೀಲರ ಕಡೆ ತಿರುಗಿದಳು. "ತಲಿ ಕೆಟ್ಟ ಮ್ಯಾಲೆ ರೊಟ್ಟಿ ಹೆಂಗ ಬಡಿದ್ಲು ಅಂತ ಕೇಳ್ತೀರಿ. ಕೈ ಕಲ್ತಿರ್ತಾವು ಸ್ವಾಮಿ. ಜ್ವರ ಬಂದಾಗ ಬಡಿದೀವಿ, ಹೆಣ ಎತ್ತಿದ ಮರುದಿನ ಬಡಿದೀವಿ. ತಲಿ ಎಲ್ಲೈತಿ ಅಂತ ಯಾರೂ ಕೇಳಿಲ್ಲ. ಸಪ್ಪಳ ಬಂದ್ರ ಮುಗೀತು."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಮನೇಲೂ ರೊಟ್ಟೀನೇ ಅಮ್ಮ" ಎಂದು ಹೇಳಿ, ಇನ್ನೇನೂ ಪ್ರಶ್ನೆಯಿಲ್ಲ ಎಂದು ಕೂತರು.

ನ್ಯಾಯಾಧೀಶರು ಕೇಳಿದರು. "ನಿಮಗೆ ಈಕೆಯ ಮೇಲೆ ಸಿಟ್ಟಿಲ್ಲವೇ?"

"ಸಿಟ್ಟೈತ್ರಿ. ಮೋಡ ಮುಸುಕಿ ಬೆರಳು ಸೆಳೆದಾಗ ಭಾಳ ಸಿಟ್ಟು ಬರತೈತಿ. ಯಾರ ಮ್ಯಾಲೆ ಅಂತ ತಿಳಿವಲ್ದು."

ಅವಳ ನಂತರ, ಶಿವಲೀಲಾಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಮ್ಮ ಬಂದು ಬಾಣಂತಿ ಸನ್ನಿ ಎಂದು ಜನ ಕರೆಯುವ ಈ ಕಾಯಿಲೆಯ ಬಗ್ಗೆ ಹೇಳಿದರು. ಹೆರಿಗೆಯಾದ ಕೆಲವು ದಿನಗಳಲ್ಲಿ ಬರಬಹುದು, ನಿದ್ದೆಗೆಟ್ಟರೆ ಕೆರಳಬಹುದು, ಆ ಹೊತ್ತಿಗೆ ಕಾಣದ್ದು ಕಾಣುತ್ತದೆ, ಕೇಳದ್ದು ಕೇಳುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಹಚ್ಚದ ಒಲೆಯ ಮುಂದಿನ ಆ ರೊಟ್ಟಿಗಳು ತಾವು ಹೇಳುತ್ತಿರುವುದಕ್ಕೆ ಸರಿಯಾಗಿ ಹೊಂದುತ್ತವೆ ಎಂದರು.

ತೀರ್ಪಿನ ದಿನ ಎಲ್ಲರೂ ಹೋದರು. ಹೊಡೆದದ್ದು ಇವಳೇ, ಆದರೆ ಆಗ ತಾನು ಏನು ಮಾಡುತ್ತಿದ್ದೇನೆಂಬ ಅರಿವು ಇವಳಿಗಿರಲಿಲ್ಲ, ಆದ್ದರಿಂದ ಇವಳು ಅಪರಾಧಿಯಲ್ಲ ಎಂದು ನ್ಯಾಯಾಧೀಶರು ಓದಿದರು. ಈರಕ್ಕ ಎರಡೂ ಕೈ ಎತ್ತಿ ಮುಗಿದಳು. ಮಡಚದ ಬೆರಳು ಎರಡು ಬೇರೆಯಾಗಿ ನಿಂತವು.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಇಂಥ ಕೇಸಿನಲ್ಲಿ ಬಿಡುಗಡೆಯಾದವರನ್ನು ಕೋರ್ಟು ಹಾಗೇ ಬೀದಿಗೆ ಕಳಿಸುವುದಿಲ್ಲ. ಆಸ್ಪತ್ರೆಯ ಕಾವಲಿನಲ್ಲಿ ಇರಿಸಬಹುದು. ಇಲ್ಲವೇ, ನಾನು ನೋಡಿಕೊಳ್ಳುತ್ತೇನೆ, ಇವಳಿಂದ ಇವಳಿಗಾಗಲಿ ಬೇರೆಯವರಿಗಾಗಲಿ ಅಪಾಯ ಆಗದಂತೆ ಕಾಯುತ್ತೇನೆ ಎಂದು ಸಂಬಂಧಿಕರು ಮುಚ್ಚಳಿಕೆ ಬರೆದುಕೊಟ್ಟರೆ ಅವರ ವಶಕ್ಕೆ ಕೊಡಬಹುದು. ಯಾರು ಬರೆದುಕೊಡುತ್ತೀರಿ, ಮಧ್ಯಾಹ್ನದ ಮೇಲೆ ಬನ್ನಿ ಎಂದರು.

ಶಿವಲೀಲಾಳನ್ನು ಒಳಗೇ ಕೂರಿಸಿಕೊಂಡರು. ಕೋರ್ಟಿನ ಬೇವಿನ ಮರದ ಕೆಳಗೆ ಮನೆಯ ಮೂವರೂ ಕೋಮಲಾಳೂ ನಿಂತರು. ಡಾಕ್ಟರಮ್ಮ ಹೇಳಿದ್ದನ್ನು ಕೋಮಲಾ ಇನ್ನೊಮ್ಮೆ ಬಿಡಿಸಿ ಹೇಳಿದಳು. ಮಾತ್ರೆ ಒಂದು ದಿನವೂ ತಪ್ಪಬಾರದು. ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವ ಮಂಗಳವಾರ ತೋರಿಸಬೇಕು. ಎಲ್ಲಕ್ಕಿಂತ ಮೊದಲು ನಿದ್ದೆ. ಮಾತ್ರೆಯ ಗುಣಕ್ಕೆ ಬೆಳಿಗ್ಗೆ ಬೇಗ ಎಚ್ಚರ ಆಗುವುದಿಲ್ಲ, ಎಬ್ಬಿಸಬಾರದು. "ನಿದ್ದೆ ಕೆಟ್ರೆ ಮತ್ತೆ ಶುರು ಆಗಬೌದು" ಎಂದಳು.

ದುರುಗೇಶ್ ಕಾಲಿಂದ ಒಣಗಿದ ಎಲೆ ಒತ್ತುತ್ತಿದ್ದ. "ಆಕಿ ಬರಬಾರದು ಅಂತಲ್ಲವ್ವ. ನಡಿಯೋದು ಹೆಂಗ? ನಿನ್ನ ಕೈ ಹಿಂಗೈತಿ. ಆಕಿನ್ನ ಎಬ್ಬಿಸಂಗಿಲ್ಲ. ಮುಂಜಾನೆ ರೊಟ್ಟಿ ಯಾರು ಬಡಿಬೇಕು?"

ಈರಕ್ಕ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಒಬ್ಬ ಹೆಂಗಸಿನ ಬಿಡುಗಡೆ ಬಂದು ನಿಂತದ್ದು ಇಲ್ಲಿಗೆ.

"ಲೇ ದುರುಗ, ಕುರಿ ಹೊಡಕೊಂಡು ತಿಂಗಳಾನುಗಟ್ಲೆ ಹೋಗ್ತೀಯಲ್ಲ, ಅಲ್ಲಿ ನಿನಗ ಅಡಿಗಿ ಯಾರು ಮಾಡ್ತಾರ?"

"ನಾವೇ. ಮುದ್ದಿ ತಿರುವ್ತೀವಿ, ಸಾರು ಕಾಸ್ತೀವಿ."

"ಮಳ್ಯಾಗ?"

"ಮಳ್ಯಾಗೂ."

"ಬಯಲಾಗ ಮೂರು ಕಲ್ಲು ಇಟ್ಟು ಮುದ್ದಿ ತಿರುವೋ ಕೈ, ಮನಿ ಹೊಸ್ತಿಲು ದಾಟಿದ ಕೂಡ್ಲೆ ಎಲ್ಲಿ ಬಿದ್ದು ಹೋಗ್ತೈತಲೇ?"

ಕೋಮಲಾ ನಕ್ಕುಬಿಟ್ಟಳು. ದುರುಗೇಶನ ಕಿವಿ ಕೆಂಪಾಯಿತು. ಯರ್ರೆಪ್ಪ, "ಗಂಡಸು ರೊಟ್ಟಿ ಬಡೀತಾನಂದ್ರ ಊರು ನಗತೈತಿ" ಎಂದ.

"ನಗಲಿ. ನಗೋರಿಗೆಲ್ಲ ಒಂದೊಂದು ಕೊಟ್ಟು ಕಳಸ್ರಿ. ಇವನ ರೊಟ್ಟಿಗೆ ಹಲ್ಲು ಮುರೀತಾವು, ಮತ್ತ ನಗಂಗಿಲ್ಲ." ಆಮೇಲೆ ಈರಕ್ಕನ ದನಿ ಇಳಿಯಿತು. "ನಾ ಆ ಮನ್ಯಾಗ ಬ್ಯಾಸತ್ತು ಬ್ಯಾಸತ್ತು ಹೋಗಿದ್ದೆ. ಆಕಿ ಬಂದು, ಮಲಕ್ಕೋರಿ ಅತ್ತಿ ಅಂದ್ಲು. ನನ್ನ ಹೆತ್ತಾಕಿ ಅಂದಿಲ್ಲ ಆ ಮಾತು, ನಿಮ್ಮವ್ವ ಅಂದಿಲ್ಲ, ನೀವೂ ಅಂದಿಲ್ಲ. ಇಷ್ಟು ವರ್ಷ ಆಕಿ ನಿದ್ದಿ ನಾ ಮಲಗೀನಿ. ಈಗ ಆಕಿ ಮಲಗಲಿ."

ಯರ್ರೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಮನ್ಯಾಗಿನ ಕುಡಗೋಲೆಲ್ಲ ನಾ ಎತ್ತಿ ಇಡ್ತೀನಿ" ಎಂದ. ಅದು ಅವನ ಒಪ್ಪಿಗೆ.

ಮಧ್ಯಾಹ್ನ ನ್ಯಾಯಾಧೀಶರು ಮುಚ್ಚಳಿಕೆಯ ಮೇಲೆ ಈರಕ್ಕನ ಹೆಸರು ನೋಡಿ ತಲೆ ಎತ್ತಿದರು. "ಗಾಯಗೊಂಡವರೇ ನೀವು. ಯೋಚನೆ ಮಾಡಿದ್ದೀರಾ?"

"ಮಾಡೀನ್ರಿ. ಯಾವಾಗ ಅಂಜಬೇಕು ಅಂತ ನನಗ ಗೊತ್ತೈತಿ. ಉಳಿದೋರಿಗೆ ಗೊತ್ತಿಲ್ಲ."

"ನಿಮ್ಮ ಕೈ ಹೀಗಿರುವಾಗ ಮನೆ ಕೆಲಸ, ಅಡಿಗೆ?"

ಈರಕ್ಕ ತಿರುಗಿ ಮಗನನ್ನು ನೋಡಿದಳು. ಕೋಮಲಾ ನೋಡಿದಳು. ಶಿವಲೀಲಾಳೂ ನೋಡಿದಳು, ಬಹಳ ದಿನಗಳ ಮೇಲೆ ನೇರವಾಗಿ.

"ನಾನು ಮಾಡ್ತೀನ್ರಿ" ಎಂದ ದುರುಗೇಶ್. ಕೋರ್ಟಿನಲ್ಲಿ ಅವನ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೊಂದೇ ಸಲ. ಅವನೂ ಕೆಳಗೆ ಸಹಿ ಹಾಕಿದ. ಈರಕ್ಕ ಎಡಗೈಯಿಂದ ಹೆಬ್ಬೆಟ್ಟು ಒತ್ತಿದಳು.

ಕೂಡ್ಲಿಗಿ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಹೊಸಪೇಟೆ ದಾಟಿತು. ಆಮೇಲೆ ಶಿವಲೀಲಾ ಆ ಬಲಗೈಯನ್ನು ಮೆಲ್ಲಗೆ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು ಬೆರಳು ನೀವತೊಡಗಿದಳು.

"ನೋಯ್ತೈತೇನು ಅತ್ತಿ?"

"ಮೋಡ ಆದ್ರ ನೋಯ್ತೈತಿ."

"ನನಗ ನೆಪ್ಪೇ ಇಲ್ಲ ಅತ್ತಿ. ಎಷ್ಟು ನೆನಸಿಕೊಂಡ್ರೂ."

"ನನಗೈತಿ. ಒಬ್ರಿಗಿದ್ರ ಸಾಕು."

ಶಿವಲೀಲಾ ಅತ್ತಳು. ಈರಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಊರು ಬರುವ ತನಕ ಸೊಸೆ ನೀವುತ್ತಲೇ ಇದ್ದಳು.

ಮನೆಯಲ್ಲಿ ಕೂಸು ತಾಯಿಯ ಗುರುತು ಹಿಡಿಯಲಿಲ್ಲ. ಅಜ್ಜಿಯ ಸೀರೆ ಹಿಡಿದು ಹಿಂದೆ ಅಡಗಿತು. ಎತ್ತಿಕೊಳ್ಳಲು ಶಿವಲೀಲಾಳೂ ಅವಸರ ಮಾಡಲಿಲ್ಲ. ಅವಳಿಗೂ ತನ್ನ ಕೈಯ ಭಯವಿತ್ತು. ಮೊದಲು ಈರಕ್ಕನ ಪಕ್ಕ ಕೂತು ಉಣಿಸಿದಳು. ಆಮೇಲೆ ಒಂದು ದಿನ ಅದು ತಾನೇ ಬಂದು ಅವಳ ಮಡಿಲಿಗೆ ಹತ್ತಿತು. ಸಂಜೆಯ ಮಾತ್ರೆಯನ್ನು ಈರಕ್ಕ ಎದುರಿಗೆ ಕೂತು ನುಂಗಿಸುತ್ತಾಳೆ. ಮಂಗಳವಾರ ಬಂದರೆ ಇಬ್ಬರೂ ತಲೆ ಬಾಚಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಬರುವಾಗ ಮಿರ್ಚಿ ತಿಂದು ಬರುತ್ತಾರೆ. ಕುಡಗೋಲುಗಳು ಯರ್ರೆಪ್ಪನ ಬೀಗದೊಳಗೆ ಇವೆ. ಕಾಯಿಲೆ ಮತ್ತೆ ಬರಬಹುದು ಎಂದು ಎಲ್ಲರಿಗೂ ಗೊತ್ತು. ಈಗ ಅವಳ ಕಣ್ಣು ಕೆಂಪಾದರೆ, ಮಾತು ತಪ್ಪಿದರೆ, ಮನೆಯ ನಾಲ್ವರೂ ನೋಡುತ್ತಾರೆ.

ಊರು ನಕ್ಕಿತು. ನಳದ ಹತ್ತಿರ ಒಬ್ಬಳು, "ಏನಬೇ ಈರಕ್ಕ, ಮಗನ್ನ ಸೊಸಿ ಮಾಡ್ಕೊಂಡಿಯಂತಲ್ಲ?" ಎಂದಳು.

"ಹೂಂನಬೇ. ಸಣ್ಣಾಗಿದ್ದಾಗ ಕಲಿಸಿದ್ರ ಇಷ್ಟೊತ್ತಿಗೆ ಚಲೋ ಸೊಸಿ ಆಕ್ಕಿದ್ದ. ನಿನ್ನ ಮಗಗ ಈಗಲೇ ಕಲಿಸು."

ರೋಜಾ ಈಗ ಬೆಳಿಗ್ಗೆ ಪಾಠ ಓದಿಕೊಳ್ಳುತ್ತಾಳೆ. ದುರುಗೇಶ್ ಕುರಿಯ ಸಂಗಡ ದೂರ ಹೋಗುವುದು ಬಿಟ್ಟು ಹತ್ತಿರದಲ್ಲೇ ಮೇಯಿಸುತ್ತಿದ್ದಾನೆ. ಅವನ ರೊಟ್ಟಿಯ ಸಪ್ಪಳ ಹೆಂಗಸರದರ ಹಾಗಿಲ್ಲ. ಧಪ್ ಎಂದು ಬೀಳುತ್ತದೆ, ನಿಲ್ಲುತ್ತದೆ, ಬೈಗುಳ ಕೇಳುತ್ತದೆ, ಮತ್ತೆ ಧಪ್ ಎನ್ನುತ್ತದೆ.

ಆ ಸಪ್ಪಳಕ್ಕೆ ಈರಕ್ಕನಿಗೆ ದಿನಾ ಎಚ್ಚರವಾಗುತ್ತದೆ. ಅವಳು ಮಲಗಿಕೊಂಡೇ ಕೇಳುವುದಿಲ್ಲ. ಎದ್ದು ಹೋಗಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಒಲೆ ನೋಡುತ್ತಾಳೆ, ಬಡಿಯುವವನ ಮುಖ ನೋಡುತ್ತಾಳೆ.

"ಹಚ್ಚೀನಿ ಯವ್ವಾ. ಹೋಗು, ಮಲಕ್ಕೋ."

"ರಾತ್ರಿ ನಿದ್ದಿ ಬಂತೇನು ನಿನಗ?"

"ಬಂತು."

ತಿರುಗಿ ಬರುವಾಗ ಒಳಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಶಿವಲೀಲಾ ಮಲಗಿದ್ದಾಳೆ, ಪಕ್ಕದಲ್ಲಿ ಕೂಸು. ಬಿಸಿಲು ಹೊಸ್ತಿಲು ದಾಟಿ ಚಾಪೆಯ ಅಂಚಿಗೆ ಬಂದಿದೆ, ಇನ್ನೊಂದು ಗೇಣು ಸರಿದರೆ ಅವಳ ಪಾದಕ್ಕೆ ತಾಕುತ್ತದೆ.

ಅಂಗಳದಿಂದ ಯರ್ರೆಪ್ಪ ಕೂಗುತ್ತಾನೆ. "ಸೊಸಿ ಇನ್ನೂ ಎದ್ದಿಲ್ಲೇನು?"

"ಸುಮ್ನ ಹೋಗ್ರಿ" ಎನ್ನುತ್ತಾಳೆ ಈರಕ್ಕ, ಮೆಲ್ಲಗೆ, ಬಾಗಿಲು ಮುಂದೆ ಮಾಡುತ್ತಾ.